ಬಸ್ಸಿನ ಟಾಪಿನ ಮೇಲಿನ ಡಬ್ಬ: ಚಲನಚಿತ್ರದಲ್ಲಿ ಕಾತರದ ಕಲೆ ಬೆಳೆದ ಬಗೆ

ನಮ್ಮ ಬಾಲ್ಯದಲ್ಲಿ ರಾಯದುರ್ಗ ಸೀಮೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿಯಿತೆಂದರೆ ಊರ ಹೊರಗಿನ ಬಯಲಿಗೆ ಎರಡು ಬಗೆಯ ಆಟಗಳು ಬರುತ್ತಿದ್ದವು. ಒಂದು ಬಯಲಾಟ, ಇನ್ನೊಂದು ಟೆಂಟ್ ಸಿನಿಮಾ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ರಾಜ್ಯಕ್ಕೆ ಸೇರಿದ್ದವು. ಆದರೆ ಬಯಲಾಟದ ಕನ್ನಡ ಪದಗಳಾಗಲಿ, ಬಳ್ಳಾರಿಯಿಂದ ಬರುವ ಸಂಜೆಯ ಬಸ್ಸಾಗಲಿ ಆ ಗಡಿಯನ್ನು ಹೆಚ್ಚಾಗಿ ಲೆಕ್ಕಿಸಲಿಲ್ಲ. ಅದೇ ಬಸ್ಸಿನ ಟಾಪಿನ ಮೇಲೆ ಸಿನಿಮಾ ರೀಲುಗಳಿದ್ದ ತಗಡಿನ ಡಬ್ಬಗಳು ಬರುತ್ತಿದ್ದವು. ಅವನ್ನು ಇಳಿಸಿ, ತಲೆಯ ಮೇಲೆ ಹೊತ್ತು ಟೆಂಟಿಗೆ ಮುಟ್ಟಿಸುವ ಹುಡುಗರಿಗೆ ಅಂದಿನ ಆಟ ಪುಕ್ಕಟೆ. ಆ ಹುಡುಗರಲ್ಲಿ ನಾವೂ ಒಬ್ಬರಾಗಿದ್ದೆವು.

ನಮಗೆ ಹನ್ನೆರಡು ವರ್ಷವಾಗಿದ್ದಾಗ ಒಂದು ಸಂಜೆ ಡಬ್ಬಗಳಲ್ಲಿ ಒಂದು ಕಡಿಮೆಯಾಯಿತು. ಬಸ್ಸು ಮುಂದಿನ ಊರಿಗೆ ಹೊರಟುಹೋದ ಮೇಲಷ್ಟೇ ಲೋಪ ತಿಳಿಯಿತು. ಎಣಿಸದೆ ಇಳಿಸಿದವರು ನಾವೇ. ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಘಂಟಸಾಲರ ಭಕ್ತಿಗೀತೆ ಮುಗಿದು, ನೆಲದ ಜನ, ಬೆಂಚಿನ ಜನ ಎಲ್ಲರೂ ಕುಳಿತಾಗಿತ್ತು. ಆಟವನ್ನು ನಿಲ್ಲಿಸುವಂತಿರಲಿಲ್ಲ. ಚಿತ್ರದ ಹೆಸರು ಈಗ ಮರೆತಿದೆ, ದೃಶ್ಯ ಮರೆತಿಲ್ಲ. ನಾಯಕಿ ಲಾಂದ್ರ ಹಿಡಿದು ಪಾಳುಮನೆಯ ಮೆಟ್ಟಿಲು ಹತ್ತುತ್ತಾಳೆ. ಮೇಲಿನ ಕೋಣೆಯ ಬಾಗಿಲ ಮರೆಯಲ್ಲಿ ಕೊಲೆಗಾರ ನಿಂತಿದ್ದಾನೆ. ಅದು ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ನೆಲದ ಮೇಲೆ ಕುಳಿತಿದ್ದ ನಮ್ಮ ಕೇರಿಯ ಅಜ್ಜಿಯೊಬ್ಬಳು "ಬ್ಯಾಡವ್ವಾ, ಹೋಗಬ್ಯಾಡ" ಎಂದು ಕೂಗಿಯೇಬಿಟ್ಟಳು. ರೀಲು ಮುಗಿದು ದೀಪ ಹತ್ತಿತು, ಮತ್ತೆ ಆರಿತು. ಮುಂದಿನ ರೀಲಿನಲ್ಲಿ ನಾಯಕಿ ಹಸೆಮಣೆಯ ಮೇಲೆ ಕುಳಿತಿದ್ದಳು!

ಟೆಂಟಿನೊಳಗೆ ಎದ್ದ ಗದ್ದಲ ಹೇಳತೀರದು. ಕೊನೆಗೆ ಟೆಂಟಿನ ಯಜಮಾನರು ಪರದೆಯ ಮುಂದೆ ಬಂದು ಕೈಮುಗಿದು, ಡಬ್ಬ ನಾಳೆ ಬರುವುದೆಂದೂ ಇಂದಿನ ಟಿಕೆಟ್ಟಿನ ತುಂಡು ತಂದವರಿಗೆಲ್ಲ ನಾಳೆಯ ಆಟ ಪುಕ್ಕಟೆಯೆಂದೂ ಹೇಳಿದರು. ಮರುದಿನ ನಡೆದುದನ್ನು ಕೊನೆಯಲ್ಲಿ ನಿವೇದಿಸುತ್ತೇವೆ.

ಆ ಅಜ್ಜಿ ಕೂಗಿದ್ದೇಕೆ? ಪರದೆಯ ಮೇಲಿನ ನೆರಳಿಗೆ ತನ್ನ ಮಾತು ಕೇಳಿಸದೆಂಬುದು ಅವಳಿಗೆ ತಿಳಿಯದ ವಿಷಯವಲ್ಲ. ಈ ಪ್ರಶ್ನೆಯನ್ನು ಅಧ್ಯಾಪಕ ವೃತ್ತಿಯುದ್ದಕ್ಕೂ ಮನಸ್ಸಿನ ಮೂಲೆಯಲ್ಲಿ ಇರಿಸಿಕೊಂಡಿದ್ದೆವು. ನಿವೃತ್ತಿಯ ನಂತರ ನಮ್ಮ ಮೊಮ್ಮಗ ತನ್ನ ಲ್ಯಾಪ್‌ಟಾಪಿನಲ್ಲಿ ಹಳೆಯ ವಿದೇಶೀ ಚಿತ್ರಗಳನ್ನು ಒಂದೊಂದಾಗಿ ತೋರಿಸತೊಡಗಿದಾಗ ಉತ್ತರದ ಎಳೆಗಳು ಕೈಗೆ ಸಿಕ್ಕವು. ಅವನ್ನು ಕಾಲಾನುಕ್ರಮದಲ್ಲಿ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಅಚ್ಚರಿ ಬೇರೆ, ಕಾತರ ಬೇರೆ

'ಸಸ್ಪೆನ್ಸ್' ಎಂಬ ಪದವನ್ನು ನಾವು ಪತ್ತೇದಾರಿ ಕಥೆಗಳೆಲ್ಲಕ್ಕೂ ಅಂಟಿಸಿಬಿಡುತ್ತೇವೆ. ನಮ್ಮ ತಲೆಮಾರಿನವರು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಪಠ್ಯಪುಸ್ತಕದ ನಡುವೆ ಬಚ್ಚಿಟ್ಟುಕೊಂಡು ಓದಿದವರು. ಕೊಂದವನು ಯಾರು ಎಂಬ ಒಗಟು ಬುದ್ಧಿಗೆ ಕಚಗುಳಿಯಿಡುತ್ತದೆ. ಅದು ಕುತೂಹಲ. ಇದ್ದಕ್ಕಿದ್ದಂತೆ ಕತ್ತಲಿನಿಂದ ಒಂದು ಕೈ ಚಾಚಿದರೆ ಬೆಚ್ಚಿಬೀಳುತ್ತೇವೆ. ಅದು ಅಚ್ಚರಿ. ಇವೆರಡೂ ಅಲ್ಲದ ಮೂರನೆಯದೊಂದಿದೆ. ಕೇಡು ಬರುತ್ತಿರುವುದು ನೋಡುವವನಿಗೆ ಗೊತ್ತು, ಅನುಭವಿಸಬೇಕಾದವನಿಗೆ ಗೊತ್ತಿಲ್ಲ, ಎಚ್ಚರಿಸಲು ನೋಡುವವನಿಂದ ಆಗುವುದಿಲ್ಲ. ಈ ಅಸಹಾಯಕತೆಯಿಂದ ಹುಟ್ಟುವುದನ್ನು ಕಾತರವೆಂದು ಕರೆಯೋಣ.

ಈ ಭೇದವನ್ನು ಅತ್ಯಂತ ಸರಳವಾಗಿ ವಿವರಿಸಿದವರು ಆಲ್ಫ್ರೆಡ್ ಹಿಚ್ಕಾಕ್. 1962ರಲ್ಲಿ ಫ್ರಾನ್ಸಿನ ನಿರ್ದೇಶಕ ಫ್ರಾಂಸ್ವಾ ತ್ರುಫೊ ಅವರೊಡನೆ ನಡೆಸಿದ ದೀರ್ಘ ಸಂಭಾಷಣೆ 1966ರಲ್ಲಿ ಪುಸ್ತಕವಾಗಿ ಹೊರಬಂದಿತು. ಅದರಲ್ಲಿ ಅವರು ಕೊಟ್ಟ ದೃಷ್ಟಾಂತ ಪ್ರಸಿದ್ಧವಾದುದು. ಕೆಲವರು ಮೇಜಿನ ಸುತ್ತ ಕುಳಿತು ಮಾತನಾಡುತ್ತಿದ್ದಾರೆ. ಕೆಳಗೆ ಬಾಂಬ್ ಇದೆ. ಅದು ಇರುವುದು ನಮಗೂ ತಿಳಿಯದಿದ್ದರೆ ಸಿಡಿದಾಗ ದೊರೆಯುವುದು 15 ಸೆಕೆಂಡುಗಳ ಬೆರಗು. ಬಾಂಬ್ ಇಟ್ಟದ್ದನ್ನು ನಮಗೆ ಮೊದಲೇ ತೋರಿಸಿ, ಸಿಡಿಯುವ ಹೊತ್ತನ್ನೂ ತಿಳಿಸಿ, ಗೋಡೆಯ ಗಡಿಯಾರವನ್ನು ಕಣ್ಣೆದುರಿಗಿಟ್ಟರೆ ಅದೇ ಹರಟೆ 15 ನಿಮಿಷಗಳ ಕಾತರವಾಗುತ್ತದೆ. ಆದುದರಿಂದ ಪ್ರೇಕ್ಷಕನಿಂದ ಮುಚ್ಚಿಡಬೇಡಿ, ಅವನಿಗೆ ತಿಳಿಸಿ ಎಂಬುದು ಅವರ ಸೂತ್ರ.

ನಮ್ಮ ಬಯಲಾಟದ ಪ್ರೇಕ್ಷಕರಿಗೆ ಇದು ಹೊಸ ಸೂತ್ರವೇನಲ್ಲ. ಅಭಿಮನ್ಯು ಚಕ್ರವ್ಯೂಹದೊಳಕ್ಕೆ ನುಗ್ಗುವಾಗ ಅವನಿಗೆ ಹೊರಬರುವ ದಾರಿ ತಿಳಿಯದೆಂಬುದನ್ನು ಬಯಲಿನಲ್ಲಿ ಕುಳಿತ ಎಲ್ಲರೂ ಬಲ್ಲರು. ಬಲ್ಲವರಾದ್ದರಿಂದಲೇ ಬೆಳಗಿನ ಜಾವದವರೆಗೆ ಕಣ್ಣು ಮುಚ್ಚದೆ ಕೂರುತ್ತಾರೆ. ಆದರೆ ರಂಗದ ಮೇಲೆ ಪದ, ಕುಣಿತ, ಮಾತುಗಳಿಂದ ಸಾಧಿಸುವುದನ್ನು ಚಲನಚಿತ್ರವು ಕ್ಯಾಮೆರಾ, ಕತ್ತರಿ, ಧ್ವನಿಗಳಿಂದ ಸಾಧಿಸಬೇಕಾಯಿತು. ಅದನ್ನು ಕಲಿಯಲು ಅದಕ್ಕೆ ಕೆಲವು ದಶಕಗಳೇ ಬೇಕಾದವು.

ಕತ್ತರಿ ಕಲಿತ ಪಾಠ

1903ರಲ್ಲಿ ಅಮೆರಿಕದ ಎಡ್ವಿನ್ ಪೋರ್ಟರ್ ಅಗ್ನಿಶಾಮಕ ದಳದವನೊಬ್ಬನ ಕಥೆಯುಳ್ಳ ಪುಟ್ಟ ಚಿತ್ರವನ್ನು ಹೊರತಂದರು. ಉರಿಯುತ್ತಿರುವ ಮನೆಯಲ್ಲಿ ತಾಯಿ ಮತ್ತು ಮಗು. ರಕ್ಷಣೆಯ ಇಡೀ ಘಟನೆಯನ್ನು ಅವರು ಮೊದಲು ಕೋಣೆಯ ಒಳಗಿನಿಂದ ಪೂರ್ತಿಯಾಗಿ ತೋರಿಸುತ್ತಾರೆ. ಅದು ಮುಗಿದ ಮೇಲೆ ಅದೇ ಘಟನೆಯನ್ನು ಬೀದಿಯಿಂದ ಇನ್ನೊಮ್ಮೆ ಪೂರ್ತಿಯಾಗಿ ತೋರಿಸುತ್ತಾರೆ! ಒಳಗಿನ ಉಸಿರುಕಟ್ಟನ್ನೂ ಹೊರಗಿನ ಏಣಿಯನ್ನೂ ಒಂದಾದ ಮೇಲೊಂದರಂತೆ ಹೆಣೆಯಬಹುದೆಂದು ಅವರಿಗೆ ಹೊಳೆದಿರಲಿಲ್ಲ. ಹೊಸದಾಗಿ ಪ್ರಬಂಧ ಬರೆಯುವ ವಿದ್ಯಾರ್ಥಿ ಹೇಳಿದ್ದನ್ನೇ ಮತ್ತೊಮ್ಮೆ ಹೇಳುವಂತೆ, ಸಿನಿಮಾ ಕೂಡ ಆಗ ತನ್ನ ವ್ಯಾಕರಣವನ್ನು ಕಲಿಯುತ್ತಿತ್ತು.

ಆರು ವರ್ಷಗಳಲ್ಲಿ ಪರಿಸ್ಥಿತಿ ಬದಲಾಯಿತು. 1909ರಲ್ಲಿ ಡಿ. ಡಬ್ಲ್ಯೂ. ಗ್ರಿಫಿತ್ 'ದಿ ಲೋನ್ಲಿ ವಿಲ್ಲಾ' ಎಂಬ ಚಿತ್ರವನ್ನು ಮಾಡಿದರು. ಕಳ್ಳರು ಒಬ್ಬ ಗೃಹಸ್ಥನನ್ನು ಉಪಾಯದಿಂದ ಮನೆಯಿಂದ ದೂರ ಕಳುಹಿಸಿ, ಹೆಂಡತಿ ಮಕ್ಕಳಿರುವ ಒಂಟಿ ಮನೆಗೆ ನುಗ್ಗುತ್ತಾರೆ. ದಾರಿಯಲ್ಲಿ ಕಾರು ಕೆಟ್ಟು, ಅವನು ಮನೆಗೆ ಟೆಲಿಫೋನ್ ಮಾಡಿದಾಗ ಸಂಗತಿ ತಿಳಿಯುತ್ತದೆ. ಮಾತು ಮುಗಿಯುವ ಮುನ್ನವೇ ತಂತಿ ತುಂಡಾಗುತ್ತದೆ. ಮುಂದೆ ಚಿತ್ರ ಮೂರು ಕಡೆ ಹರಿಯುತ್ತದೆ. ಬಾಗಿಲು ಒಡೆಯುವ ಕಳ್ಳರು, ಒಳಕೋಣೆಗೆ ಸರಿಯುವ ತಾಯಿ ಮಕ್ಕಳು, ಗಾಡಿಯೊಂದನ್ನು ಹಿಡಿದು ಧಾವಿಸುವ ತಂದೆ. ಈ ಮೂರನ್ನೂ ಗ್ರಿಫಿತ್ ಸ್ವಲ್ಪ ಸ್ವಲ್ಪವೇ ಕತ್ತರಿಸಿ ಹೆಣೆದರು. ಅಪಾಯ ಸಮೀಪಿಸಿದಂತೆಲ್ಲ ತುಣುಕುಗಳು ಗಿಡ್ಡವಾದವು. ಮದ್ದಳೆಯ ಪೆಟ್ಟು ಚುರುಕಾದಾಗ ಕುಣಿತ ಬಿರುಸಾಗುವಂತೆ, ತುಣುಕು ಗಿಡ್ಡವಾದಷ್ಟೂ ನೋಡುವವರ ಎದೆಬಡಿತ ಏರಿತು. ಈ ವಿಧಾನವನ್ನು ಸಮಾನಾಂತರ ಸಂಕಲನ ಎನ್ನುತ್ತಾರೆ. ಇಂದಿಗೂ ನಾಯಕಿಯನ್ನು ಉಳಿಸಲು ನಾಯಕ ಮೋಟಾರ್ ಸೈಕಲ್ಲಿನಲ್ಲಿ ಧಾವಿಸುವ ಪ್ರತಿಯೊಂದು ಚಿತ್ರವೂ ಈ ವಿಧಾನಕ್ಕೆ ಋಣಿ.

1913ರಲ್ಲಿ ಲೂಯಿಸ್ ವೆಬರ್ ಎಂಬ ಮಹಿಳೆ ತನ್ನ ಪತಿ ಫಿಲಿಪ್ಸ್ ಸ್ಮಾಲಿಯೊಡನೆ ಸೇರಿ ನಿರ್ದೇಶಿಸಿದ ಸುಮಾರು ಹತ್ತು ನಿಮಿಷಗಳ ಚಿತ್ರಕ್ಕೆ 'ಸಸ್ಪೆನ್ಸ್' ಎಂದೇ ಹೆಸರು. ಇಲ್ಲಿಯೂ ಒಂಟಿ ಮನೆ, ತಾಯಿ, ಹಸುಗೂಸು, ನುಗ್ಗುವ ಅಲೆಮಾರಿ, ಧಾವಿಸುವ ಗಂಡ. ಆದರೆ ವೆಬರ್ ಪರದೆಯನ್ನೇ ತ್ರಿಕೋನಗಳಾಗಿ ಒಡೆದು ಮೂವರನ್ನೂ ಒಂದೇ ಕ್ಷಣದಲ್ಲಿ ತೋರಿಸಿದರು. ಕಿಟಕಿಯಿಂದ ತಾಯಿ ಬಗ್ಗಿ ನೋಡಿದಾಗ ಕೆಳಗಿರುವ ಅಲೆಮಾರಿ ತಲೆಯೆತ್ತಿ ನೇರವಾಗಿ ಅವಳ ಕಣ್ಣಿಗೆ, ಎಂದರೆ ನಮ್ಮ ಕಣ್ಣಿಗೆ, ದೃಷ್ಟಿ ಕೂಡಿಸುತ್ತಾನೆ. ಗಂಡ ಬೇರೆಯವರ ಕಾರನ್ನು ಕದ್ದು ಓಡಿಸುತ್ತಿರುವಾಗ ಬೆನ್ನಟ್ಟಿ ಬರುವ ಪೊಲೀಸರು ಕಾರಿನ ಕನ್ನಡಿಯಲ್ಲಿ ಕಾಣುತ್ತಾರೆ. ಸಿನಿಮಾಕ್ಕೆ ಮಾತೇ ಬಾರದ ಕಾಲದಲ್ಲಿ ಇಷ್ಟೆಲ್ಲ ಸಾಧ್ಯವಾಯಿತು.

ರಷ್ಯಾದಲ್ಲಿ ಲೆವ್ ಕುಲೆಶೋವ್ ಇನ್ನೊಂದು ಸತ್ಯವನ್ನು ಕಂಡುಕೊಂಡರು. ಒಬ್ಬ ನಟನ ಭಾವವಿಲ್ಲದ ಒಂದೇ ಮುಖವನ್ನು ಊಟದ ತಟ್ಟೆಯ ಪಕ್ಕದಲ್ಲಿ ಜೋಡಿಸಿದರೆ ನೋಡುವವರಿಗೆ ಅದು ಹಸಿದ ಮುಖ; ಶವಪೆಟ್ಟಿಗೆಯ ಪಕ್ಕದಲ್ಲಿ ಜೋಡಿಸಿದರೆ ದುಃಖದ ಮುಖ. ಭಾವವನ್ನು ತುಂಬುವವರು ನೋಡುವವರು. ಮುಂದೆ ಹಿಚ್ಕಾಕ್ ಬೆಳೆಸಿದ ಕಲೆಯ ತಳಹದಿ ಇದು.

ಖಾಲಿ ತಟ್ಟೆ, ಉರುಳಿದ ಚೆಂಡು

ಕಾತರದ ಕಥನದಲ್ಲಿ ಜರ್ಮನಿಯ ಫ್ರಿಟ್ಜ್ ಲಾಂಗ್ 1931ರಲ್ಲಿ ನಿರ್ಮಿಸಿದ 'ಎಂ' ಎಂಬ ಒಂದಕ್ಷರದ ಚಿತ್ರಕ್ಕೆ ಉನ್ನತ ಸ್ಥಾನವಿದೆ. ಬರ್ಲಿನ್ನಿನಲ್ಲಿ ಮಕ್ಕಳನ್ನು ಕೊಲ್ಲುವವನೊಬ್ಬ ತಿರುಗಾಡುತ್ತಿದ್ದಾನೆ. ಎಲ್ಸಿ ಎಂಬ ಹುಡುಗಿ ಶಾಲೆಯಿಂದ ಮನೆಗೆ ಬರಬೇಕು. ತಾಯಿ ಊಟಕ್ಕೆ ತಟ್ಟೆ ಇಟ್ಟು ಗಡಿಯಾರ ನೋಡುತ್ತಾಳೆ. ದಾರಿಯಲ್ಲಿ ಹುಡುಗಿ ಚೆಂಡನ್ನು ಕಂಬದ ಮೇಲಿನ ಪ್ರಕಟಣೆಗೆ ಎಸೆಯುತ್ತಿರುವಾಗ ಒಬ್ಬ ಮನುಷ್ಯನ ನೆರಳು ಆ ಪ್ರಕಟಣೆಯ ಮೇಲೆ ಬೀಳುತ್ತದೆ. ಅವನು ಅವಳಿಗೆ ಬಲೂನು ಕೊಡಿಸುತ್ತಾನೆ. ತಾಯಿ ಮಗಳ ಹೆಸರು ಹಿಡಿದು ಕರೆಯುತ್ತಾಳೆ. ಆ ಕರೆಯ ಮೇಲೆ ಲಾಂಗ್ ತೋರಿಸುವುದು ಬರಿದಾದ ಮೆಟ್ಟಿಲುಗಳು, ಬಟ್ಟೆ ಒಣಹಾಕಿದ ಅಟ್ಟ, ಖಾಲಿ ತಟ್ಟೆ, ಪೊದೆಯಿಂದ ಉರುಳಿ ಬಂದು ನಿಲ್ಲುವ ಚೆಂಡು, ತಂತಿಗೆ ಸಿಕ್ಕಿಕೊಂಡ ಬಲೂನು. ಕೊಲೆಯನ್ನಾಗಲಿ ರಕ್ತವನ್ನಾಗಲಿ ತೋರಿಸುವುದೇ ಇಲ್ಲ. ಶಾಲೆ ಬಿಟ್ಟ ಮೇಲೆ ಮನೆ ಮುಟ್ಟದ ಮಗುವನ್ನು ಹುಡುಕುತ್ತ ತಂದೆತಾಯಿ ಶಾಲೆಯ ಗೇಟಿಗೆ ಬಂದ ಸಂಜೆಗಳನ್ನು ನಾವು ಕಂಡಿದ್ದೇವೆ. ಮಗು ಗೆಳೆಯನ ಮನೆಯಲ್ಲಿ ಸಿಕ್ಕಿದ ನಂತರವೂ ಆ ತಾಯಿಯ ಕೈ ನಡುಗುವುದು ನಿಲ್ಲುತ್ತಿರಲಿಲ್ಲ. ಲಾಂಗ್ ತೋರಿಸಿದ ಖಾಲಿ ತಟ್ಟೆಯಲ್ಲಿ ಆ ನಡುಕವಿದೆ.

ಮಾತು ಬಂದ ಸಿನಿಮಾಕ್ಕೆ ಧ್ವನಿಯೂ ಆಯುಧವಾಗಬಲ್ಲುದೆಂದು ಇದೇ ಚಿತ್ರ ತೋರಿಸಿಕೊಟ್ಟಿತು. ಕೊಲೆಗಾರನು ಗ್ರೀಗ್ ಎಂಬ ಸಂಗೀತಕಾರನ ಒಂದು ಧಾಟಿಯನ್ನು ಸಿಳ್ಳೆ ಹಾಕುತ್ತಾನೆ. ಒಮ್ಮೆ ಕೇಳಿದ ಮೇಲೆ, ಅವನು ಕಣ್ಣಿಗೆ ಬೀಳದಿದ್ದರೂ ಸಿಳ್ಳೆ ಕೇಳಿಸಿದೊಡನೆ ನಮಗೆ ಚಳಿ ಹಿಡಿಯುತ್ತದೆ. ಕೊನೆಗೆ ಅವನನ್ನು ಗುರುತಿಸುವವನು ಬಲೂನು ಮಾರುವ ಕುರುಡ. ಕಣ್ಣಿದ್ದವರಿಗೆ ತಪ್ಪಿದ್ದು ಕಿವಿಗೆ ಸಿಕ್ಕಿತು.

ಲಂಡನ್ನಿನ ಶಿಷ್ಯ

ಹಿಚ್ಕಾಕ್ ಹುಟ್ಟಿದ್ದು 1899ರ ಆಗಸ್ಟ್ 13ರಂದು, ಲಂಡನ್ನಿನಲ್ಲಿ. ಚಿತ್ರರಂಗಕ್ಕೆ ಬಂದದ್ದು ಮೂಕಿ ಚಿತ್ರಗಳಿಗೆ ಅಕ್ಷರಫಲಕಗಳನ್ನು ರಚಿಸುವವರಾಗಿ. 1920ರ ದಶಕದ ನಡುವೆ ಜರ್ಮನಿಗೆ ಕೆಲಸಕ್ಕೆ ಹೋಗಿ, ಅಲ್ಲಿ ಮುರ್ನೌ ಎಂಬ ನಿರ್ದೇಶಕರು ಚಿತ್ರೀಕರಿಸುವುದನ್ನು ಹತ್ತಿರದಿಂದ ಕಂಡು, ಮಾತಿಲ್ಲದೆ ಚಿತ್ರದಿಂದಲೇ ಕಥೆ ಹೇಳುವುದನ್ನು ಕಲಿತರು. 1927ರಲ್ಲಿ ತೆರೆಕಂಡ 'ದಿ ಲಾಡ್ಜರ್' ಚಿತ್ರದಲ್ಲಿ ಆ ಪಾಠದ ಫಲ ಕಾಣುತ್ತದೆ. ಮಹಡಿಯ ಬಾಡಿಗೆದಾರನು ಕೊಲೆಗಾರನಿರಬಹುದೆಂದು ಮನೆಯವರಿಗೆ ಶಂಕೆ. ಅವನು ಮೇಲೆ ಅತ್ತಿಂದಿತ್ತ ನಡೆದಾಡುತ್ತಾನೆ. ಮೂಕಿ ಚಿತ್ರದಲ್ಲಿ ಹೆಜ್ಜೆಯ ಸಪ್ಪಳ ಕೇಳಿಸುವುದು ಹೇಗೆ? ಹಿಚ್ಕಾಕ್ ದಪ್ಪ ಗಾಜಿನ ನೆಲವನ್ನು ಮಾಡಿಸಿ, ಕೆಳಗಿನಿಂದ ಅವನ ಪಾದಗಳನ್ನು ಚಿತ್ರೀಕರಿಸಿದರು. ಕೆಳಗೆ ಕುಳಿತವರು ತಲೆಯೆತ್ತಿ ನೋಡುವರು, ತೂಗುದೀಪ ಅಲುಗುವುದು. ಸಪ್ಪಳ ಕಣ್ಣಿಗೆ ಕಾಣಿಸಿತು.

ಎರಡೇ ವರ್ಷಗಳ ನಂತರ, 1929ರ 'ಬ್ಲ್ಯಾಕ್‌ಮೇಲ್' ಚಿತ್ರದಲ್ಲಿ ಅವರಿಗೆ ಧ್ವನಿ ದೊರೆಯಿತು. ಮಾನ ಉಳಿಸಿಕೊಳ್ಳಲು ಚಾಕುವಿನಿಂದ ಒಬ್ಬನನ್ನು ಇರಿದ ಹುಡುಗಿ ಮರುದಿನ ಬೆಳಿಗ್ಗೆ ಮನೆಯವರೊಡನೆ ತಿಂಡಿಗೆ ಕುಳಿತಿದ್ದಾಳೆ. ನೆರೆಮನೆಯ ಬಾಯಿಬಡುಕಿ ಆ ಕೊಲೆಯ ವಿಚಾರವನ್ನೇ ಹರಟುತ್ತಿದ್ದಾಳೆ. ಕ್ರಮೇಣ ಮಾತೆಲ್ಲ ಗುಜುಗುಜು ಆಗಿ, 'ಚಾಕು' ಎಂಬ ಒಂದು ಪದ ಮಾತ್ರ ಮತ್ತೆ ಮತ್ತೆ ಸ್ಪಷ್ಟವಾಗಿ ಕೇಳಿಸುತ್ತದೆ. ಆ ಹುಡುಗಿಯ ಕಿವಿ ನಮ್ಮ ಕಿವಿಯಾಗುತ್ತದೆ.

ಒಂದು ತಪ್ಪೊಪ್ಪಿಗೆ

1936ರ 'ಸ್ಯಾಬೊಟೇಜ್' ಚಿತ್ರವನ್ನು ಮೊಮ್ಮಗ ತೋರಿಸಿದ ದಿನವನ್ನು ನಾವು ಮರೆಯಲಾರೆವು. ಜೋಸೆಫ್ ಕಾನ್ರಾಡರ 'ದಿ ಸೀಕ್ರೆಟ್ ಏಜೆಂಟ್' ಕಾದಂಬರಿಯನ್ನು ಆಧರಿಸಿದ ಚಿತ್ರವಿದು. ಲಂಡನ್ನಿನಲ್ಲಿ ಸಿನಿಮಾ ಮಂದಿರ ನಡೆಸುವ ವರ್ಲಾಕ್ ಗುಟ್ಟಾಗಿ ವಿಧ್ವಂಸಕನಾಗಿದ್ದಾನೆ. ಪೊಲೀಸರ ಕಣ್ಣು ತನ್ನ ಮೇಲಿರುವುದರಿಂದ ಬಾಂಬ್ ಇರುವ ಪೊಟ್ಟಣವನ್ನು ಹೆಂಡತಿಯ ಪುಟ್ಟ ತಮ್ಮ ಸ್ಟೀವಿಯ ಕೈಗೆ ಕೊಟ್ಟು ಕಳುಹಿಸುತ್ತಾನೆ. ಜೊತೆಗೆ ಆ ಹುಡುಗನ ಕಂಕುಳಲ್ಲಿ ಸಿನಿಮಾ ರೀಲಿನ ಡಬ್ಬಗಳು. ಅದನ್ನು ಕಂಡೊಡನೆ ನಾವು ಕುರ್ಚಿಯ ಅಂಚಿಗೆ ಸರಿದೆವು. ಆ ಹುಡುಗ ನಾವೇ ಆಗಿದ್ದೆವು.

ಬಾಂಬ್ ಸಿಡಿಯುವುದು 1.45ಕ್ಕೆ ಎಂಬುದು ನಮಗೆ ಗೊತ್ತು, ಸ್ಟೀವಿಗೆ ಗೊತ್ತಿಲ್ಲ. ಹುಡುಗರ ಸ್ವಭಾವದಂತೆ ಅವನು ದಾರಿಯುದ್ದಕ್ಕೂ ನಿಲ್ಲುತ್ತಾನೆ. ಬೀದಿಯ ವ್ಯಾಪಾರಿಯೊಬ್ಬ ಅವನನ್ನು ಹಿಡಿದು ಕೂರಿಸಿ ತನ್ನ ಸರಕಿನ ಗುಣವನ್ನು ಜನರಿಗೆ ತೋರಿಸುತ್ತಾನೆ. ಮೆರವಣಿಗೆ ಅಡ್ಡ ಬರುತ್ತದೆ. ಕೊನೆಗೆ ಬಸ್ಸು ಹತ್ತಹೋದರೆ, ರೀಲು ಬೆಂಕಿ ಹತ್ತುವ ವಸ್ತುವೆಂದು ಕಂಡಕ್ಟರ್ ತಕರಾರು ತೆಗೆದು, ಮತ್ತೆ ಹುಡುಗನ ಮೇಲೆ ಕನಿಕರಪಟ್ಟು ಹತ್ತಿಸಿಕೊಳ್ಳುತ್ತಾನೆ. ಆ ಕನಿಕರವೇ ಮುಳುವಾಗುತ್ತದೆ. ಹಿಚ್ಕಾಕರ ಕತ್ತರಿ ಹುಡುಗನ ಮುಖ, ಪೊಟ್ಟಣ, ಬೀದಿಯ ಗಡಿಯಾರ, ಸಿಗ್ನಲ್ ದೀಪ, ಮತ್ತೆ ಪೊಟ್ಟಣ ಹೀಗೆ ಸುತ್ತುತ್ತದೆ. ಪೊಟ್ಟಣ ಕಣ್ಣಿಗೆ ರೂಢಿಯಾಗಿಬಿಡಬಾರದೆಂದು ಪ್ರತಿಸಲವೂ ಅದನ್ನು ಬೇರೆ ಕೋನದಿಂದ ತೋರಿಸುತ್ತಾರೆ. ಪಕ್ಕದಲ್ಲಿ ಕುಳಿತವರ ನಾಯಿಮರಿಯೊಡನೆ ಹುಡುಗ ಆಡುತ್ತಾನೆ. ಗಡಿಯಾರದ ಮುಳ್ಳು ಸರಿಯುತ್ತದೆ. ಇನ್ನೇನು ಯಾರಾದರೂ ತಡೆಯುವರು, ಪೊಟ್ಟಣ ಹೊರಗೆ ಬೀಳುವುದು ಎಂದು ನಾವು ಕಾಯುತ್ತೇವೆ. ಯಾರೂ ಬರುವುದಿಲ್ಲ. ಬಸ್ಸು ಸಿಡಿಯುತ್ತದೆ.

"ತಾತಾ, ನಿಲ್ಲಿಸಲಾ?" ಎಂದು ಮೊಮ್ಮಗ ಕೇಳಿದ. ನಾವು ಉತ್ತರ ಕೊಡದೆ ಎದ್ದು ಹೊರಗೆ ಹೋದೆವು. ಸಿಟ್ಟು ಬಂದಿತ್ತು. ಚಿತ್ರ ಬಿಡುಗಡೆಯಾದಾಗಿನ ಪ್ರೇಕ್ಷಕರಿಗೂ ಸಿಟ್ಟು ಬಂದಿತ್ತೆಂದು ಆಮೇಲೆ ತಿಳಿಯಿತು. ತ್ರುಫೊ ಅವರೊಡನೆ ಮಾತನಾಡುವಾಗ ಹಿಚ್ಕಾಕ್ ಅದನ್ನು ತಮ್ಮ ದೊಡ್ಡ ತಪ್ಪೆಂದು ಒಪ್ಪಿಕೊಂಡರು. ಮಗುವನ್ನು ಹೀಗೆ ಸಾಯಿಸುವುದು ಸಿನಿಮಾದ ಶಕ್ತಿಯ ದುರುಪಯೋಗಕ್ಕೆ ಸಮೀಪವಾದುದೆಂದು ತ್ರುಫೊ ಅಂದಾಗ ಅವರು ವಾದಿಸಲಿಲ್ಲ.

ಆದರೆ ಅಭಿಮನ್ಯುವೂ ಸಾಯುತ್ತಾನಲ್ಲವೆ? ಅವನೂ ಹುಡುಗನೇ. ಬಯಲಾಟದ ಜನ ಕವಿಯ ಮೇಲೆ ಸಿಟ್ಟಾಗುವುದಿಲ್ಲವೇಕೆ? ಇದನ್ನು ಬಹುದಿನ ಆಲೋಚಿಸಿದೆವು. ಅಭಿಮನ್ಯುವಿನ ಸಾವು ನಮಗೆ ಮೊದಲಿನಿಂದ ಗೊತ್ತು. ನಾವು ಕಾಯುವುದು ಅಳುವುದಕ್ಕಾಗಿ, ಸುಭದ್ರೆಯ ಜೊತೆ, ಅರ್ಜುನನ ಜೊತೆ. ಸ್ಟೀವಿಯ ವಿಷಯದಲ್ಲಿ ಹಾಗಲ್ಲ. ಗಡಿಯಾರ ತೋರಿಸುವ ಪ್ರತಿಸಲವೂ ಕಥೆಗಾರನು ನಮಗೆ ಮಾತಿಲ್ಲದೆ ಒಂದು ಭರವಸೆ ಕೊಡುತ್ತಿರುತ್ತಾನೆ. ನಮ್ಮ ಕರುಣೆಯನ್ನು ಸಾಲ ಪಡೆಯುತ್ತಾನೆ. ಆ ಸಾಲವನ್ನು ಹಿಂತಿರುಗಿಸದಿದ್ದರೆ ಎಷ್ಟು ಕೌಶಲವಿದ್ದರೂ ಅದು ಮೋಸವೇ. ಈ ಚಿತ್ರದಲ್ಲಿ ಮುಂದೆ ಅಕ್ಕನ ಶೋಕವನ್ನು ಹಿಚ್ಕಾಕ್ ಅದ್ಭುತವಾಗಿಯೇ ತೋರಿಸಿದ್ದಾರೆ. ಊಟದ ಮೇಜಿನ ಮೇಲಿನ ಚಾಕು, ಅದರತ್ತ ಅವಳ ನೋಟ, ಅವಳ ನೋಟವನ್ನು ಗಮನಿಸುವ ಗಂಡನ ನೋಟ, ಇಷ್ಟರಿಂದಲೇ ಇಡೀ ದೃಶ್ಯ ಕಟ್ಟಲ್ಪಟ್ಟಿದೆ. ಆದರೂ ಬಸ್ಸಿನ ಆ ಹುಡುಗನನ್ನು ನಮ್ಮ ಮನಸ್ಸು ಮರೆಯಲೊಪ್ಪುವುದಿಲ್ಲ.

ಬೀಗದ ಕೈ, ಕೆಸರು, ಕಾಗೆ

ಆ ತಪ್ಪಿನಿಂದ ಹಿಚ್ಕಾಕ್ ಕಲಿತರೆಂದು ಅವರ ಮುಂದಿನ ಚಿತ್ರಗಳು ಹೇಳುತ್ತವೆ. ಅಮೆರಿಕಕ್ಕೆ ಹೋದ ಮೇಲೆ 1946ರಲ್ಲಿ ಮಾಡಿದ 'ನಟೋರಿಯಸ್' ಚಿತ್ರದ ಔತಣಕೂಟದಲ್ಲಿ ಕ್ಯಾಮೆರಾ ವಿಶಾಲ ಸಭಾಂಗಣದ ಎತ್ತರದಿಂದ ನಿಧಾನವಾಗಿ ಕೆಳಗಿಳಿದು, ಅಷ್ಟು ಜನರ ನಡುವೆ ಇಂಗ್ರಿಡ್ ಬರ್ಗ್‌ಮನ್ನರ ಮುಷ್ಟಿಯಲ್ಲಿರುವ ಒಂದು ಬೀಗದ ಕೈಯ ಮೇಲೆ ನಿಲ್ಲುತ್ತದೆ. ನೆಲಮಾಳಿಗೆಯ ಆ ಬೀಗದ ಕೈಯನ್ನು ಅವಳು ಗಂಡನಿಂದ ಕದ್ದಿದ್ದಾಳೆ. ಅತಿಥಿಗಳು ಕುಡಿಯುತ್ತಿದ್ದಂತೆ ಷಾಂಪೇನ್ ಬಾಟಲಿಗಳು ಒಂದೊಂದಾಗಿ ಕಡಿಮೆಯಾಗುತ್ತವೆ. ಬಾಟಲಿ ಮುಗಿದರೆ ಗಂಡ ನೆಲಮಾಳಿಗೆಗೆ ಹೋಗಲೇಬೇಕು. ಗಡಿಯಾರದ ಕೆಲಸವನ್ನು ಇಲ್ಲಿ ಬಾಟಲಿಗಳು ಮಾಡುತ್ತವೆ.

1960ರ 'ಸೈಕೋ' ಚಿತ್ರದ ಸ್ನಾನಗೃಹದ ದೃಶ್ಯ ಎಲ್ಲರಿಗೂ ಪರಿಚಿತ. ಪರದೆಯ ಮೇಲೆ ಒಂದು ನಿಮಿಷವೂ ಇಲ್ಲದ ಆ ಕೊಲೆಯ ಚಿತ್ರೀಕರಣಕ್ಕೆ ಏಳು ದಿನಗಳು ಬೇಕಾದವು. ಅಲ್ಲಿ ಸಂಗೀತ ಬೇಡವೆಂದು ಹಿಚ್ಕಾಕ್ ಮೊದಲು ಹೇಳಿದ್ದರು. ಬರ್ನಾರ್ಡ್ ಹರ್ಮನ್ ತಂತಿವಾದ್ಯಗಳ ಚೀರಾಟವನ್ನು ರಚಿಸಿ ಕೇಳಿಸಿದ ಮೇಲೆ ಒಪ್ಪಿದರು. ಆದರೆ ನಾವು ಹೇಳಿದ ಭೇದದಂತೆ ಅದು ಹೆಚ್ಚಾಗಿ ಅಚ್ಚರಿಯ ದೃಶ್ಯ. ಕಾತರದ ನಿಜವಾದ ಪಾಠ ಅದರ ಬಳಿಕ ಬರುತ್ತದೆ. ಸತ್ತವಳ ದೇಹವಿರುವ ಕಾರನ್ನು ನಾರ್ಮನ್ ಕೆಸರಿನ ಮಡುವಿಗೆ ತಳ್ಳುತ್ತಾನೆ. ಕಾರು ಮುಳುಗುತ್ತ ಮುಳುಗುತ್ತ ಅರ್ಧಕ್ಕೆ ನಿಂತುಬಿಡುತ್ತದೆ. ಅವನು ಗಾಬರಿಯಿಂದ ಅತ್ತಿತ್ತ ನೋಡುತ್ತಾನೆ. ನಮ್ಮ ಎದೆಯೂ ಡವಗುಟ್ಟುತ್ತದೆ. ಕಾರು ಮತ್ತೆ ಮುಳುಗಿದಾಗ ನಾವು ನಿಟ್ಟುಸಿರು ಬಿಡುತ್ತೇವೆ. ಮರುಕ್ಷಣ ನಾಚಿಕೆಯಾಗುತ್ತದೆ. ಕೊಲೆ ಮುಚ್ಚಿಡುವವನ ಪಕ್ಷವನ್ನು ನಾವು ಯಾವಾಗ ವಹಿಸಿದೆವು? ಕ್ಯ‍ಾಮೆರಾ ಯಾರ ಜೊತೆ ಹೆಚ್ಚು ಹೊತ್ತು ನಿಲ್ಲುತ್ತದೆಯೋ ಕರುಣೆ ಅವರತ್ತ ಹರಿಯುತ್ತದೆ. ಈ ಶಕ್ತಿಯನ್ನು ತಿಳಿದವರು ಸಿನಿಮಾದಲ್ಲಿ ಮಾತ್ರವಲ್ಲ, ಸುದ್ದಿಯಲ್ಲಿಯೂ ರಾಜಕಾರಣದಲ್ಲಿಯೂ ಬಳಸುತ್ತಾರೆ. ನಮ್ಮ ಮಕ್ಕಳಿಗೆ ಇದನ್ನು ಹೇಳಿಕೊಡಬೇಕು.

ಶಾಲಾ ಮಾಸ್ತರರಾದ ನಮಗೆ ಅತ್ಯಂತ ಪ್ರಿಯವಾದ ದೃಶ್ಯ 1963ರ 'ದಿ ಬರ್ಡ್ಸ್' ಚಿತ್ರದ್ದು. ನಾಯಕಿ ಶಾಲೆಯ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಾಳೆ. ಒಳಗೆ ಮಕ್ಕಳು ಹಾಡುತ್ತಿದ್ದಾರೆ. ಅವಳ ಬೆನ್ನ ಹಿಂದೆ ಮಕ್ಕಳು ಹತ್ತಿ ಆಡುವ ಕಂಬಿಗಳ ಮೇಲೆ ಒಂದು ಕಾಗೆ ಬಂದು ಕೂರುತ್ತದೆ. ಸ್ವಲ್ಪ ಹೊತ್ತಿಗೆ ಕೆಲವು. ಅವಳಿಗೆ ಗೊತ್ತಿಲ್ಲ. ಆಮೇಲೆ ಕ್ಯಾಮೆರಾ ಅವಳೊಬ್ಬಳ ಮುಖದ ಮೇಲೆ ಬಹಳ ಹೊತ್ತು ನಿಂತುಬಿಡುತ್ತದೆ. ಹಿಂದೆ ಎಷ್ಟಾಗಿರಬಹುದು? ನಮಗೆ ಕಾಣದು. ಆಕಾಶದಲ್ಲಿ ಹಾರುವ ಒಂದು ಕಾಗೆಯನ್ನು ಅವಳ ಕಣ್ಣು ಹಿಂಬಾಲಿಸಿ ತಿರುಗಿದಾಗ ಕಂಬಿಗಳೆಲ್ಲ ಕಪ್ಪಾಗಿವೆ. ಈ ಚಿತ್ರದಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ. ಮುಗಿಯುವಂತೆ ಕಂಡು ಮತ್ತೆ ಮೊದಲಾಗುವ ಮಕ್ಕಳ ಹಾಡಷ್ಟೇ ಕೇಳುತ್ತಿರುತ್ತದೆ. ಹಾಡು ಮುಗಿದರೆ ಮಕ್ಕಳು ಹೊರಗೆ ಬರುತ್ತಾರೆ. ಅದೇ ಇಲ್ಲಿಯ ಗಡಿಯಾರ.

ನಮ್ಮ ಕಡೆಯ ಪರದೆ

ಭಾರತದ ಚಿತ್ರರಂಗದಲ್ಲಿ ಈ ಕಲೆಗೆ ಒಂದು ವಿಶೇಷ ತೊಡಕಿತ್ತು, ಅದು ಹಾಡು. ಹಾಡು ನಮ್ಮ ಚಿತ್ರಗಳ ಜೀವಾಳ, ನಿಜ. ಆದರೆ ಕೊಲೆಗಾರ ಬಾಗಿಲ ಹಿಂದೆ ನಿಂತಿರುವಾಗ ನಾಯಕಿ ಉದ್ಯಾನದಲ್ಲಿ ಹಾಡಿದರೆ ಕಟ್ಟಿದ ಗಡಿಯಾರ ನಿಂತುಬಿಡುತ್ತದೆ. ಇದನ್ನರಿತ ಕೆಲವರು ಹಾಡನ್ನೇ ಕೈಬಿಡುವ ಧೈರ್ಯ ಮಾಡಿದರು. ತಮಿಳಿನಲ್ಲಿ ಎಸ್. ಬಾಲಚಂದರ್ 1954ರಲ್ಲಿ 'ಅಂದ ನಾಳ್', ಹಿಂದಿಯಲ್ಲಿ ಬಿ. ಆರ್. ಚೋಪ್ರಾ 1960ರಲ್ಲಿ 'ಕಾನೂನ್' ಚಿತ್ರಗಳನ್ನು ಹಾಡಿಲ್ಲದೆ ಮಾಡಿದರು. ಕನ್ನಡದಲ್ಲಿ ಕಾಶಿನಾಥ್ 1978ರ 'ಅಪರಿಚಿತ'ದಲ್ಲಿ ಈ ದಾರಿಗೆ ಜನರ ಗಮನ ಸೆಳೆದರು. ಸುನೀಲ್ ಕುಮಾರ್ ದೇಸಾಯಿ 1989ರಲ್ಲಿ ಶಂಕರ್ ನಾಗ್ ಅಭಿನಯದ 'ತರ್ಕ'ವನ್ನು ಹಾಡುಗಳಿಲ್ಲದೆ ತಂದು ಗೆದ್ದರು. ತಮಿಳಿನವರು ಅದನ್ನು ತಮ್ಮ ಭಾಷೆಗೆ ಮಾಡಿಕೊಂಡರು.

ಗಡಿಯಲ್ಲಿ ಬೆಳೆದ ನಮಗೆ ಇಲ್ಲಿ ಇನ್ನೊಂದು ಮಾತು ಹೇಳಬೇಕೆನಿಸುತ್ತದೆ. ನಮ್ಮ ಟೆಂಟಿಗೆ ಒಂದು ವಾರ ಕನ್ನಡದ ಡಬ್ಬ ಬಂದರೆ ಮೂರು ವಾರ ತೆಲುಗಿನದು, ಆಗೊಮ್ಮೆ ಈಗೊಮ್ಮೆ ಹಿಂದಿಯದು. ಹಿಂದಿಯ ಒಂದಕ್ಷರ ತಿಳಿಯದವರೂ ಆ ಚಿತ್ರಗಳ ಕಾತರದ ದೃಶ್ಯಗಳಲ್ಲಿ ಉಸಿರು ಬಿಗಿಹಿಡಿಯುತ್ತಿದ್ದರು. ಬಾಗಿಲು, ನೆರಳು, ಗಡಿಯಾರ, ಮಗು ಇವುಗಳಿಗೆ ದುಭಾಷಿ ಬೇಕಿರಲಿಲ್ಲ. ಆದರೆ ಕನ್ನಡದ ಡಬ್ಬ ಬಂದ ವಾರ ಅಜ್ಜಿಯಂದಿರೂ ಟೆಂಟಿಗೆ ಬರುತ್ತಿದ್ದರು. ಪರದೆಯ ಮೇಲಿನವರನ್ನು ಹೆಸರು ಹಿಡಿದು, 'ಅವ್ವಾ' ಎಂದು ಕರೆದು ಎಚ್ಚರಿಸುವುದು ತಾಯಿನುಡಿಯಲ್ಲಿ ಮಾತ್ರ ಸಾಧ್ಯ.

ಮರುದಿನ

ಹಿಂದಿನ ರಾತ್ರಿ ನಿದ್ದೆಯಿಲ್ಲದೆ ಕಳೆದ ನಾವು ಮರುದಿನ ಮಧ್ಯಾಹ್ನದಿಂದಲೇ ಬಸ್ಸಿನ ದಾರಿ ಕಾದೆವು. ಮುಂದಿನ ಊರಿನವರೆಗೆ ಪ್ರಯಾಣ ಮಾಡಿದ್ದ ಡಬ್ಬ ಹಿಂತಿರುಗಿ ಬಂತು. ಮೂರು ಸಲ ಎಣಿಸಿ ಹೊತ್ತೊಯ್ದೆವು. ಯಜಮಾನರು ನಮ್ಮನ್ನು ಬೈಯಲಿಲ್ಲ. "ಜನರ ಹತ್ರ ರೊಕ್ಕ ತಗೊಂಡೀವಿ, ಪೂರ್ತಿ ತೋರಿಸಬೇಕಲ್ಲಪ್ಪಾ" ಎಂದಷ್ಟೇ ಅಂದರು. ನಷ್ಟವಾದರೂ ಮಾತಿನಂತೆ ಪುಕ್ಕಟೆ ಆಟವನ್ನು ಮೊದಲಿನಿಂದ ಆಡಿಸಿದರು. ತಪ್ಪನ್ನು ತಿದ್ದಿಕೊಳ್ಳುವ ಬಗೆಯನ್ನು ನಾವು ಯಾವ ಬಿ.ಎಡ್. ತರಗತಿಯಲ್ಲಿಯೂ ಅಷ್ಟು ಚೆನ್ನಾಗಿ ಕಲಿಯಲಿಲ್ಲ.

ಊರಿನವರೆಲ್ಲ ಮತ್ತೆ ಬಂದರು. ನಾಯಕಿ ಬದುಕುವಳೆಂದೂ ಮದುವೆಯಾಗುವಳೆಂದೂ ಎಲ್ಲರಿಗೂ ಗೊತ್ತು. ಹಸೆಮಣೆಯ ಮೇಲೆ ಅವಳನ್ನು ಕಂಡಾಗಿದೆ. ಇನ್ನೇನು ಕಾತರ ಉಳಿದೀತು ಎಂದು ನಾವು ಭಾವಿಸಿದ್ದೆವು. ಅವಳು ಲಾಂದ್ರ ಹಿಡಿದು ಮೆಟ್ಟಿಲು ಹತ್ತತೊಡಗಿದಾಗ ಟೆಂಟು ನಿಶ್ಶಬ್ದವಾಯಿತು. ಅದೇ ಅಜ್ಜಿ, ಅದೇ ಜಾಗದಿಂದ, "ಬ್ಯಾಡವ್ವಾ, ಹೋಗಬ್ಯಾಡ" ಎಂದು ಮತ್ತೆ ಕೂಗಿದಳು. ಈ ಸಲ ಯಾರೂ ನಗಲಿಲ್ಲ.

ಆಟ ಬಿಟ್ಟು ಮನೆಗೆ ನಡೆಯುವಾಗ ನಾವು ಅಜ್ಜಿಯನ್ನು ಕೇಳಿದೆವು: "ಆಕೆ ಬದುಕ್ತಾಳೆ ಅಂತ ನಿನಗ ನಿನ್ನೇನೇ ಗೊತ್ತಿತ್ತಲ್ಲವ್ವಾ, ಮತ್ಯಾಕ ಕೂಗಿದಿ?"

ಅಜ್ಜಿ ಕೈಯಲ್ಲಿದ್ದ ಲಾಂದ್ರದ ಬತ್ತಿ ಏರಿಸುತ್ತ ಅಂದಳು: "ನನಗ ಗೊತ್ತಿದ್ರ ಏನು ಬಂತಪ್ಪಾ, ಆಯಮ್ಮಗ ಗೊತ್ತಿರಲಿಲ್ಲಲ್ಲ."